ಸೆಂಜಿ ಕೋಟೆಯ ಮೇಲೆ ತೆರೆದ ಕರಡಿಗೆ

ಪಲ್ಲಾವರಂನ ಶಿವಗಂಗಮ್ಮನವರಿಗೆ ಈಗ ಅರವತ್ತಾರು. ರಾಯಪುರಂನ ಹಡಗು ಕಂಪನಿಯೊಂದರಲ್ಲಿ ಮೂವತ್ತು ವರ್ಷ ಟೆಲಿಫೋನ್ ಆಪರೇಟರ್ ಆಗಿದ್ದವರು. ಮಾತಿಗೆ ಅರ್ಧ ತಮಿಳು ಬೆರೆತರೂ ನೇಮದ ವಿಷಯದಲ್ಲಿ ದಾವಣಗೆರೆಯ ತವರುಮನೆಯನ್ನು ಕೂದಲೆಳೆಯಷ್ಟೂ ಬಿಟ್ಟುಕೊಟ್ಟವರಲ್ಲ. ಕೊರಳಿನ ಬೆಳ್ಳಿ ಕರಡಿಗೆಯಿಂದ ಇಷ್ಟಲಿಂಗವನ್ನು ತೆಗೆದು, ಎಡ ಅಂಗೈಯಲ್ಲಿಟ್ಟು ಪೂಜಿಸುವವರೆಗೆ ತೊಟ್ಟು ನೀರೂ ಇಲ್ಲ. ಆಸ್ಪತ್ರೆಯಲ್ಲಿ ಮಲಗಿದಾಗಲೂ ನರ್ಸಿನ ಹತ್ತಿರ ಜಗಳವಾಡಿ ಇದನ್ನು ಉಳಿಸಿಕೊಂಡ ಗಟ್ಟಿ ಹೆಂಗಸು.

ಮೊಮ್ಮಗಳು ಶಿವರಂಜನಿಯದು ಬೇರೆ ಕತೆ. ಕಂಪನಿಯ ತರಬೇತಿಗೆಂದು ಜರ್ಮನಿಗೆ ಹೋಗುವಾಗ ತನ್ನ ಕರಡಿಗೆಯನ್ನು ದೇವರ ಗೂಡಿನಲ್ಲಿಟ್ಟು ಹೋದವಳು, ಆರು ತಿಂಗಳ ಮೇಲೆ ಬಂದರೂ ಕೊರಳಿಗೆ ಹಾಕಿಕೊಳ್ಳಲಿಲ್ಲ. ಅಲ್ಲಿ ಭಾನುವಾರಗಳಂದು ಬೆಟ್ಟ ಹತ್ತಿ ನೋಡಿದ ಕೋಟೆಗಳ ಫೋಟೋ ಮಾತ್ರ ದಿನಾ ತೋರಿಸುವಳು. ಅಜ್ಜಿಗೆ ಒಳಗೇ ಸಂಕಟ. ಕೇಳಿದರೆ ಎಲ್ಲಿ ಬೇಡವೆಂದುಬಿಡುತ್ತಾಳೋ ಎಂಬ ಭಯಕ್ಕೆ ಕೇಳಲೂ ಇಲ್ಲ. ಬದಲಿಗೆ, ನಮ್ಮ ಸೆಂಜಿಯಲ್ಲೂ ಬೆಟ್ಟದ ಮೇಲೆ ಕೋಟೆಯಿದೆ, ಕರೆದುಕೊಂಡು ಹೋಗು ಎಂದರು. ಇಬ್ಬರೇ ಇದ್ದಾಗ ಬಾಯಿ ಬಂದೀತು ಎಂದುಕೊಂಡರು.

ಹೊರಡುವ ದಿನ ಸ್ನಾನ ಮುಗಿಸಿ, ಸವೆದ ಶಿವದಾರವನ್ನು ಬದಲಾಯಿಸಲು ತಮ್ಮ ಕರಡಿಗೆಯನ್ನು ಗೂಡಿನಲ್ಲಿಟ್ಟರು. ಕೈ ಸುಮ್ಮನಿರಬೇಕಲ್ಲ, ಮೊಮ್ಮಗಳದಕ್ಕೂ ಹೊಸ ದಾರ ಕಟ್ಟಿದರು. ಅಷ್ಟರಲ್ಲಿ ಕೆಳಗೆ ಕಾರಿನ ಹಾರ್ನ್ ಕೇಳಿಸಿತು. ಅವಸರದಲ್ಲಿ ಪೂಜೆ ಸಲ್ಲದು, ಕೋಟೆಯ ಮೇಲೇ ಮಾಡಿದರಾಯಿತು ಎಂದು ಕರಡಿಗೆಯನ್ನು ಕೊರಳಿಗೆ ಹಾಕಿಕೊಂಡು ಇಳಿದರು.

ಮೂರು ಗಂಟೆಯ ಪ್ರಯಾಣದ ಮೇಲೆ ಕೋಟೆಯ ಮೆಟ್ಟಿಲುಗಳು ಅಜ್ಜಿಯ ಮಂಡಿಗಳನ್ನು ಚೆನ್ನಾಗಿಯೇ ವಿಚಾರಿಸಿಕೊಂಡವು. ಹತ್ತು ಮೆಟ್ಟಿಲಿಗೊಮ್ಮೆ ಕೂತರು. ನಾಲಿಗೆ ಒಣಗಿ ಅಂಗುಳಕ್ಕೆ ಅಂಟಿಕೊಂಡಿತ್ತು. ರಂಜನಿ ಬಾಟಲಿ ಚಾಚಿದಾಗಲೆಲ್ಲ ಪೂಜೆಯಾಗಲಿ ಎಂದರು. ಅಜ್ಜಿ ಕುಡಿಯದೆ ಅವಳೂ ಕುಡಿಯಲಿಲ್ಲ.

ಅಂತೂ ತುದಿ ಮುಟ್ಟಿ, ಗೋಡೆಯ ನೆರಳಿನಲ್ಲಿ ಕೂತು, ಕೈ ತೊಳೆದು ಕರಡಿಗೆ ತೆರೆದರು. ಒಳಗಿದ್ದದ್ದು ಅವರ ಲಿಂಗವಲ್ಲ. ಅರವತ್ತು ವರ್ಷದ ಬೆರಳು ಸೋಕಿ ನುಣುಪಾದ ಅವರದೆಲ್ಲಿ, ಇದೆಲ್ಲಿ! ರಂಜನಿಗೆ ಎಂಟು ವರ್ಷಕ್ಕೆ ದೀಕ್ಷೆಯಾದಾಗ ತಮ್ಮದರಂತೆಯೇ ಇರಲಿ ಎಂದು ಆಸೆಪಟ್ಟು ಮಾಡಿಸಿದ ಕರಡಿಗೆ ಅದು. ಹುಡುಗಿ ಬಿಟ್ಟಳೆಂದು ಮನಸ್ಸಿನಲ್ಲೇ ಬೈಯುತ್ತಿದ್ದವರು ತಮ್ಮದನ್ನು ತಾವೇ ಗೂಡಿನಲ್ಲಿ ಬಿಟ್ಟು ಬಂದಿದ್ದರು. ಒಬ್ಬರ ಲಿಂಗವನ್ನು ಇನ್ನೊಬ್ಬರು ಪೂಜಿಸುವಂತೆಯೂ ಇಲ್ಲ.

ರಂಜನಿ ಬಗ್ಗಿ ನೋಡಿದಳು. ತನ್ನದೆಂದು ಗುರುತು ಸಿಕ್ಕಿತು. ಹಾಗಾದರೆ ಮನೆ ಸೇರುವವರೆಗೆ ನೀರಿಲ್ಲವೇ ಎಂದು ತಮಿಳಿನಲ್ಲಿ ಕೇಳಿದಳು. ಅಜ್ಜಿ ಇಲ್ಲವೆಂದು ತಲೆಯಾಡಿಸಿದರು. ರಂಜನಿ ಆ ಲಿಂಗವನ್ನೇ ನೋಡುತ್ತ, ತಾನು ಪೂಜೆ ಮಾಡಿದರೆ ಕುಡಿಯುತ್ತೀರಾ ಎಂದಳು.

ಇಷ್ಟು ದಿನ ಕಾದಿದ್ದು ಆ ಮಾತಿಗೇ. ಹೂಂ ಅಂದಿದ್ದರೆ ಸಾಕಿತ್ತು. ಆದರೆ ಬಾಯಾರಿಕೆ ತೋರಿಸಿ ಮಗುವಿನ ಕೈ ಕಟ್ಟಿಹಾಕುವುದು ಶಿವಗಂಗಮ್ಮನವರಿಗೆ ನಾಚಿಕೆಗೇಡೆನಿಸಿತು. ಬಾಟಲಿ ಕಿತ್ತುಕೊಂಡು ಗಟಗಟ ಕುಡಿದರು. ಬುದ್ಧಿ ಬಂದ ಮೇಲೆ ಪೂಜೆಯಿಲ್ಲದೆ ಕುಡಿದ ಮೊದಲ ನೀರು ಅದು, ಗಂಟಲಲ್ಲಿ ಇಳಿಯುವಾಗ ಅಳು ಬಂತು.

"ನೋಡವ್ವ, ನಾನು ಕುಡಿದೆ. ನನ್ನ ಸಲುವಾಗಿ ನೀನೇನೂ ಮಾಡ್ಬೇಕಿಲ್ಲ. ಹಾಕ್ಕೊಳೋದು ಬಿಡೋದು ನಿನ್ನಿಷ್ಟ."

ರಂಜನಿ ಕೋಟೆಯ ಕೆಳಗಿನ ಬಯಲನ್ನು ನೋಡುತ್ತ ಕೂತಳು. ಆಮೇಲೆ ಮೆಲ್ಲಗೆ, ಕನ್ನಡದಲ್ಲೇ ಹೇಳಿದಳು. "ಬೇಡ ಅಂತಲ್ಲ ಅಜ್ಜಿ. ಇಷ್ಟು ದಿನ ಬಿಟ್ಟು ಮತ್ತೆ ಹೆಂಗೆ ಹಾಕ್ಕೊಳೋದು ಅಂತ ನಾಚಿಕೆ. ನಿಮ್ಮನ್ನ ಕೇಳೋಕೂ ಭಯ."

ಬಾಟಲಿಯಲ್ಲಿ ನಾಲ್ಕು ಗುಟುಕು ಉಳಿದಿತ್ತು. ಅವಳು ಕುಡಿಯಲಿಲ್ಲ. ಸ್ವಲ್ಪ ನೀರಿನಲ್ಲಿ ಕೈ ತೊಳೆದು, ಅಜ್ಜಿಯ ಮುಂದೆ ಎಡ ಅಂಗೈ ಚಾಚಿದಳು.

"ಮರೆತೇ ಹೋಗಿದೆ ಅಜ್ಜಿ. ಮೊದ್ಲು ನೀರಾ, ವಿಭೂತಿನಾ?"