ಬೆನ್ನಣ್ಣನ ಮುಖ

ನಮ್ಮನೆಯವರು ಸಿನಿಮಾದಲ್ಲಿದ್ರು. ನಗಬೇಡಿ, ನಿಜವಾಗಿ ಇದ್ರು. ಇಪ್ಪತ್ತೆಂಟು ವರ್ಷ, ಅರವತ್ತು ಚಿತ್ರ. ನೀವೂ ನೋಡಿರ್ತೀರಿ. ಅವರ ಕತ್ತು, ಅವರ ಬೆನ್ನು, ಅದೃಷ್ಟವಿದ್ರೆ ಎಡಗಿವಿಯ ತುದಿ.

ಜನ ತಲೆ ಮೇಲೆ ಹೊತ್ತು ಮೆರೆಸೋ ಆ ನಾಯಕ ಮಹಾಶಯರಿಗೂ ಇವರಿಗೂ ಎತ್ತರ ಒಂದೇ, ಹೆಗಲು ಒಂದೇ. ಮುಖ ಮಾತ್ರ ದೇವರು ಬೇರೆ ಕೊಟ್ಟ. ನಾಯಕರೇ ಎರಡೂ ಪಾತ್ರ ಮಾಡಿದ ಅವಳಿ ಅಣ್ಣತಮ್ಮಂದಿರ ಚಿತ್ರದಲ್ಲಿ ಅಣ್ಣ ಅತ್ರೆ ಎದುರಿಗಿದ್ದ ತಮ್ಮನ ಬೆನ್ನು ಇವರದು. ತಮ್ಮ ಅತ್ರೆ ಅಣ್ಣನ ಬೆನ್ನೂ ಇವರದೇ. ನಾಯಕರು ಕುದುರೆಯಿಂದ ಬಿದ್ದಾಗ ಮುರಿದದ್ದು ಇವರ ಪಕ್ಕೆಲುಬು. ಸ್ಟುಡಿಯೋದವರು "ಬೆನ್ನಣ್ಣ" ಅಂತ ಕರೀತಿದ್ರು. ಇವರೋ, ದೊಡ್ಡ ಬಿರುದು ಸಿಕ್ಕ ಹಾಗೆ ಹಿಗ್ಗೋರು. ಎಂಥ ಆಸಾಮಿನ ಕಟ್ಕೊಂಡೆ ನೋಡಿ!

ಮಗಳ ಮದುವೆ ಮಾತುಕತೆಯಲ್ಲಿ "ಹುಡುಗಿ ತಂದೆ ಸಿನಿಮಾ ನಟರು" ಅಂದುಬಿಟ್ಟೆ. ತಪ್ಪು ನನ್ನದೇ. ಮದುವೆಯಾದ ಮೇಲೆ ಬೀಗಿತ್ತಿ ಪ್ರತಿ ಚಿತ್ರಕ್ಕೂ ಹೋಗಿ ಬಂದು ಮಗಳನ್ನ ಕೇಳೋರು, "ನಿಮ್ಮಪ್ಪ ಎಲ್ಲಮ್ಮಾ? ಕಂಬದ ಹಿಂದೆ ಇದ್ರಾ?" ಒಂದಿನ ಮಗಳು ನನ್ನ ಮುಂದೆ ಕೂತು ಅತ್ತಳು. "ಒಂದೇ ಒಂದ್ಸಲ ಈ ಕಡೆ ತಿರುಗೋಕೆ ಹೇಳಮ್ಮಾ ಅಪ್ಪಂಗೆ."

ನನ್ನ ಮೈ ಉರಿದುಹೋಯ್ತು. ಅವತ್ತಿಂದ ಇವರ ಪ್ರಾಣ ತಿಂದೆ. ಕೊನೆಗೂ ಬಾಯಿಬಿಟ್ಟು ಕೇಳಿದ್ರು. ನಾಯಕರು ದೊಡ್ಡ ಮನಸ್ಸು ಮಾಡಿ, "ಸರಿ ಕಣಯ್ಯಾ, ಇದರಲ್ಲಿ ನನ್ನ ಅಣ್ಣನ ಪಾತ್ರ ನಿಂದೇ. ಒಂದು ದೃಶ್ಯ, ಒಂದು ಮಾತು" ಅಂದ್ರಂತೆ. "ಮನೆಗೆ ಬಾ", ಅಷ್ಟೇ ಮಾತು. ಹದಿನೈದು ದಿನ ಕನ್ನಡಿ ಮುಂದೆ ನಿಂತು ಅದನ್ನೇ ಹೇಳಿದ್ರು. ಮನೆಯಲ್ಲೇ ಇದ್ದ ನಾನು ದಿನಕ್ಕೆ ನೂರು ಸಲ ಮನೆಗೆ ಬಾ ಅಂತ ಕರೆಸಿಕೊಂಡೆ.

ಚಿತ್ರ ಬಂತು. ಬೀಗಿತ್ತಿಯನ್ನ ಬೇಕಂತಲೇ ಪಕ್ಕದಲ್ಲಿ ಕೂರಿಸಿಕೊಂಡೆ. ಆ ದೃಶ್ಯದಲ್ಲಿ ನಾಯಕರು ಕಣ್ಣೀರಿಡುತ್ತಾ ಎರಡು ನಿಮಿಷ ಮಾತಾಡಿದ್ರು. ಎದುರಿಗೆ? ಬೆನ್ನು! ಅದೇ ಹಾಳು ಬೆನ್ನು! "ಓಹೋ, ಇವರೇನಾ?" ಅಂದ್ರು ಬೀಗಿತ್ತಿ. ಮಗಳು ತಲೆ ತಗ್ಗಿಸಿದಳು.

ಮನೆಗೆ ಬಂದದ್ದೇ ಹಿಡಕೊಂಡೆ. "ಏನ್ರೀ ಇದು? ಕೈಗೆ ಬಂದ ತುತ್ತು ಬಾಯಿಗೆ ಬರದ ಹಾಗೆ ಮಾಡಿದ್ರಲ್ಲ! ಅಭ್ಯಾಸ ಬಲಾನಾ?"

ಅಂಗಿ ಕಳಚಿ ಗೂಟಕ್ಕೆ ಹಾಕಿ ಹೇಳಿದ್ರು. "ಅವರಿಗೆ ಮಾತು ಮರೆತುಹೋಗ್ತದೆ ಕಣೇ, ಎಂಟು ವರ್ಷದಿಂದ. ಕ್ಯಾಮೆರಾಕ್ಕೆ ನನ್ನ ತುಟಿ ಕಾಣಲ್ವಲ್ಲ, ಎದುರಿಗೆ ನಿಂತು ಒಂದೊಂದೇ ಸಾಲು ಹೇಳಿಕೊಡ್ತೀನಿ. ದನಿ ಹೇಗೂ ಆಮೇಲೆ ಸೇರಿಸೋದು. ಅವತ್ತು ನನ್ನ ಮುಖವೇ ಕ್ಯಾಮೆರಾ ಕಡೆ, ಹೇಳಿಕೊಡೋ ಹಾಗಿಲ್ಲ. ಆರು ಸಲ ತೆಗೆದ್ರೂ ಅವರಿಗೆ ಮಾತು ಬರಲಿಲ್ಲ. 'ಇವನ ಮುಖ ನೋಡಿದ್ರೆ ನಂಗೆ ನಟನೆ ಬರಲ್ಲ' ಅಂದ್ರು. ನಿರ್ದೇಶಕರು ನನ್ನನ್ನೇ ಬೈದ್ರು. ಏಳನೇ ಸಲ ನಾನೇ ತಿರುಗಿ ನಿಂತೆ."

ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ! "ಅಯ್ಯೋ ಪುಣ್ಯಾತ್ಮಾ, ಅವರ ಮಾನ ಉಳಿಸೋಕೆ ಮಗಳ ಮಾನ ಕೊಟ್ರಾ?" ಅಂದೆ.

"ಅವರು ಹೆದರಿದ್ರು ಕಣೇ" ಅಂದ್ರು. ಮಗಳಿಗೂ ಹೇಳಬಾರದು ಅಂತ ಆಣೆ ಬೇರೆ ಹಾಕಿಸಿಕೊಂಡ್ರು.

ಅದೇ ದೃಶ್ಯಕ್ಕೆ ನಾಯಕರಿಗೆ ಶ್ರೇಷ್ಠ ನಟ ಪ್ರಶಸ್ತಿ ಬಂತು. ಸಮಾರಂಭ ಟಿವಿಯಲ್ಲಿ. ಮಗಳೂ ಬೀಗಿತ್ತಿಯೂ ಅವತ್ತು ನಮ್ಮನೆಯಲ್ಲೇ ಇದ್ರು. ನಾಯಕರು ಪ್ರಶಸ್ತಿ ಹಿಡಿದು ಮೈಕಿನ ಮುಂದೆ ಬಂದ್ರು. ಬಾಯಿ ತೆರೆದ್ರು. ಮಾತಿಲ್ಲ. ಕಣ್ಣು ಮಾತ್ರ ಎದುರಿಗೆ ಯಾರನ್ನೋ ಹುಡುಕ್ತಾ ಇತ್ತು.

ನಮ್ಮನೆಯವರು ಕುರ್ಚಿಯಿಂದ ಎದ್ದು ಟಿವಿ ಹತ್ತಿರ ಹೋಗಿ ನಿಂತು ಪಿಸುಗುಟ್ಟಿದ್ರು. "ಎಲ್ಲರಿಗೂ ನಮಸ್ಕಾರ. ಹೇಳಿ ಸ್ವಾಮಿ, ಎಲ್ಲರಿಗೂ ನಮಸ್ಕಾರ. ಅಭಿಮಾನಿಗಳೇ..."

ಅಲ್ಲಿ ಸಭೆಯವರು, ಪಾಪ ಗಂಟಲು ಕಟ್ಟಿದೆ ಅಂದ್ಕೊಂಡು ಎದ್ದು ನಿಂತು ಚಪ್ಪಾಳೆ ತಟ್ಟಿದ್ರು. ಮಹಾಶಯರು ಕಣ್ಣೊರೆಸಿಕೊಂಡು ಇಳಿದುಹೋದ್ರು. ಮಹಾನ್ ನಟ ಬಿಡಿ!

"ಅಡ್ಡ ನಿಂತ್ರೆ ನಮಗೇನು ಕಾಣ್ತದೆ?" ಅಂದ್ರು ಬೀಗಿತ್ತಿ.

ಮಗಳು ಅಪ್ಪನ ಬೆನ್ನನ್ನೇ ನೋಡ್ತಿದ್ದಳು. ನಾನು ಆಣೆ ಮುರೀಲಿಲ್ಲ, ಅವಳಿಗೇ ಅರ್ಥವಾಗಿತ್ತು. ಎದ್ದು ಹೋಗಿ ಟಿವಿ ಆರಿಸಿದಳು.

"ಅಪ್ಪಾ, ಈ ಕಡೆ ತಿರುಗು" ಅಂದಳು.

ತಿರುಗಿದ್ರು. ತುಟಿ ಇನ್ನೂ ಆಡ್ತಾ ಇತ್ತು.