ಗಿರಿಜಾ ಕತ್ತರಿಸಿದ ಹುಳ

ಆ ಸಂಜೆಯೂ ತಂಗಿ ಗಿರಿಜಾ ಎಂದಿನಂತೆ ಬೆಂಗಳೂರಿನಿಂದ ದಾವಣಗೆರೆಗೆ ನನಗೆ ಫೋನ್ ಮಾಡಿದ್ದಳು. “ಅಕ್ಕಾ, ಇವತ್ತು ನನ್ನ ಹುಳ ಕತ್ತರಿಸಿದೆ. ಗಾಬರಿ ಆಗಬ್ಯಾಡ, ಬಾಲದ ತುಂಡಿಗೂ ಹೊಸ ತಲೆ ಬರ್ತೈತಿ. ಈ ಹುಳದ ಜಾತಿಗೊಂದು ಹೆಸರು ಯೋಚಿಸೀನಿ, ಹಬ್ಬಕ್ಕೆ ಬಂದಾಗ ಹೇಳ್ತೀನಿ.” ಮರುದಿನ ಹೊಸೂರು ರಸ್ತೆಯ ಅಪಘಾತದಲ್ಲಿ ಅವಳು ಹೋದಳು.

ಊರಲ್ಲಿ ಅವಳ ಶಿವಗಣಾರಾಧನೆ ಮುಗಿಸಿ, ಅವಳ ಸಾಮಾನು ಒಯ್ಯಲು ಇಂದು ಎಲೆಕ್ಟ್ರಾನಿಕ್ ಸಿಟಿಯ ಪ್ರಯೋಗಾಲಯಕ್ಕೆ ಹೋಗಿದ್ದೆ. ಅವಳ ಜೊತೆ ಕೆಲಸ ಮಾಡುತ್ತಿದ್ದ ಸೆಲ್ವಿ ಗಾಜಿನ ತಟ್ಟೆಯೊಂದನ್ನು ತಂದಿಟ್ಟಳು. ಆನೇಕಲ್ ಬಳಿಯ ಕೆರೆಯಲ್ಲಿ, ಕಲ್ಲಿನಡಿ ಗಿರಿಜಾಗೆ ಸಿಕ್ಕ ಚಪ್ಪಟೆ ಹುಳಗಳು. ಈವರೆಗೆ ಯಾರೂ ಗುರುತಿಸಿರದ ಜಾತಿಯಂತೆ.

“ಕೋಳಿ ಲಿವರೇ ಇವಕ್ಕೆ ಊಟ ಅಕ್ಕ. ‘ಕೊರಳಲ್ಲಿ ಲಿಂಗ, ಕೈಯಲ್ಲಿ ಲಿವರ್’ ಅಂತ ರೇಗಿಸ್ತಿದ್ವಿ. ಮುಖ ಆ ಕಡೆ ತಿರುಗಿಸ್ಕೊಂಡೇ ಹಾಕೋಳು,” ಎಂದು ಸೆಲ್ವಿ ನಕ್ಕಳು, ಆಮೇಲೆ ಕಣ್ಣೊರೆಸಿಕೊಂಡಳು.

ಸೂಕ್ಷ್ಮದರ್ಶಕದಲ್ಲಿ ನೋಡಿದೆ. ತಂಗಿ ಕತ್ತರಿಸಿದ ಬಾಲದ ತುಂಡಿಗೆ ತಲೆ ಬಂದಿತ್ತು. ಹಳೆಯ ಮೈ ಕಂದು, ಹೊಸ ತಲೆ ಮಾತ್ರ ಇನ್ನೂ ಬಿಳಿ. ಅದರಲ್ಲಿ ಎರಡು ಮೆಳ್ಳೆಗಣ್ಣು ನನ್ನತ್ತಲೇ ನೋಡುವಂತಿದ್ದವು.

“ಕಂಡುಹಿಡಿದೋಳು ಅವಳು, ಈ ಜಾತಿಗೆ ಅವಳು ಅಂದ್ಕೊಂಡಿದ್ದ ಹೆಸರೇ ಇಡೋಣ ಅಂತಿದೀವಿ. ನಮಗೆ ಹೇಳ್ಲೇ ಇಲ್ಲ. ಮೊದ್ಲು ನಮ್ಮಕ್ಕಂಗೆ ಹೇಳ್ಬೇಕು ಅಂತಿದ್ಲು. ನಿಮಗೆ ಹೇಳಿದ್ಲಾ?”

ಇಲ್ಲವೆಂದು ತಲೆಯಾಡಿಸಿದೆ.

ಎಲೆಕ್ಟ್ರಾನಿಕ್ ಸಿಟಿಯ ನಿಲ್ದಾಣದಲ್ಲಿ ಬಸ್ಸಿಗೆ ಕಾಯುತ್ತ ಇದನ್ನು ಬರೆಯುತ್ತಿದ್ದೇನೆ. ಅವಳ ಬಿಳಿ ಕೋಟು, ಊಟದ ಡಬ್ಬಿ ನನ್ನ ಚೀಲದಲ್ಲಿವೆ. ಹುಳದ ಹೆಸರು ಸಿಗಲಿಲ್ಲ.