ವಾಲ್ವ್ ಸೆಟ್ಟಿನ ಮೂಡು

ಧೂಳು ಸುಡುವ ವಾಸನೆ ಅದು. ಹೋದ ವಾರ ಧಾರವಾಡದಲ್ಲಿ ಪರಿಚಯದವರೊಬ್ಬರ ಮನೆಯಲ್ಲಿ ಹಳೆಯ ರೇಡಿಯೋ ಹಚ್ಚಿದರು. ಬಹಳ ದಿನ ಮುಟ್ಟದೆ ಇಟ್ಟಿದ್ದಂತೆ. ಒಳಗಿನ ಗಾಜಿನ ವಾಲ್ವುಗಳು ನಿಧಾನಕ್ಕೆ ಕೆಂಪಾಗಿ, ಮೇಲೆ ಕೂತ ಧೂಳು ಕಾದು, ಕೋಣೆಯೆಲ್ಲ ಆ ವಾಸನೆ ಹಬ್ಬಿತು. ಮನೆಯವರು ಮೂಗು ಮುಚ್ಚಿಕೊಂಡರು. ನಾನು ಮಾತ್ರ ಬೈಲಹೊಂಗಲದ ಒಂದು ಅಂಗಡಿಯೊಳಗೆ ಹೋಗಿ ಕೂತುಬಿಟ್ಟಿದ್ದೆ...

ಅಂಗಡಿ ಸ್ಪೀಕರ್ ಕಾಕಾನದು. ಮದುವೆ, ಪುರಾಣ, ನಾಟಕ, ಚುನಾವಣೆ, ಯಾವುದೇ ಇರಲಿ, ಅವರ ಮೈಕ್ ಸೆಟ್ಟೇ ಹೋಗುತ್ತಿತ್ತು. ಸವದತ್ತಿಗೂ ಕಿತ್ತೂರಿಗೂ ಬಸ್ಸಿನ ಮೇಲೆ ಭೋಂಗಾ, ಅಂದರೆ ತುತ್ತೂರಿಯಂಥ ತಗಡಿನ ಸ್ಪೀಕರ್, ಕಟ್ಟಿಕೊಂಡು ಹೊರಡುತ್ತಿದ್ದರು. ಗಟ್ಟಿ ದನಿ, ದಪ್ಪ ಮೀಸೆ, ಜಗತ್ತಿನ ಯಾವ ವಿಷಯಕ್ಕೂ ಸಿದ್ಧವಾದ ಅಭಿಪ್ರಾಯ. ನಾನು ಆಗ ಕಾಲೇಜಿನಲ್ಲಿ ಚರ್ಚಾಸ್ಪರ್ಧೆಗಳಿಗೆ ಹೋಗುವವನು. ಯಾರಾದರೂ ‘ಹಿರಿಯರು ಹೇಳ್ಯಾರ’ ಎಂದರೆ ‘ಯಾವ ಹಿರಿಯರು, ಎಲ್ಲಿ ಹೇಳ್ಯಾರ’ ಎಂದು ಕೇಳದೆ ಬಿಡುತ್ತಿರಲಿಲ್ಲ. ಹೀಗಾಗಿ ಕಾಕಾ ನನ್ನನ್ನು ಹೆಸರು ಹಿಡಿದು ಕರೆದದ್ದೇ ಇಲ್ಲ. ಮೊದಲ ದಿನದಿಂದಲೂ ನಾನು ‘ವಕೀಲಸಾಹೇಬ’.

ನನ್ನನ್ನು ಆ ಅಂಗಡಿಗೆ ಎಳೆದುಕೊಂಡು ಹೋದವನು ನನ್ನ ಗೆಳೆಯ. ಸಂಪಗಾಂವದಿಂದ ಬಸ್ಸಿನಲ್ಲಿ ಕಾಲೇಜಿಗೆ ಬರುತ್ತಿದ್ದ. ಅವನ ಸೋದರಮಾವ ಪುಣೆಯಿಂದ ಒಂದು ಇಲೆಕ್ಟ್ರಿಕ್ ಗಿಟಾರ್ ಕಳಿಸಿದ್ದರು. ಅದನ್ನು ಚಾದರದಲ್ಲಿ ಸುತ್ತಿ, ಕೂಸಿನ ಹಾಗೆ ತೊಡೆಯ ಮೇಲೆ ಮಲಗಿಸಿಕೊಂಡು ಬರುತ್ತಿದ್ದ. ಕಾಲೇಜಿನ ಗ್ಯಾದರಿಂಗಿನಲ್ಲಿ, ಅಂದರೆ ವಾರ್ಷಿಕೋತ್ಸವದಲ್ಲಿ, ಬಾರಿಸಲು ಅವಕಾಶವೂ ಸಿಕ್ಕಿತ್ತು. ತೊಡಕಿದ್ದದ್ದು ಮನೆಯಲ್ಲಿ. ಅವನ ತಂದೆ ಶಾಸ್ತ್ರಿಗಳು, ಪಂಚಾಂಗ ನೋಡುವವರು, ಸಂಸ್ಕೃತ ಹೇಳಿಕೊಡುವವರು. ಮಗ ಶಾರ್ಟ್‌ವೇವ್ ರೇಡಿಯೋದಲ್ಲಿ ವಿಲಾಯತಿ ರಾಕ್ ಸಂಗೀತ ಕೇಳಿ ಕೇಳಿ ಅದನ್ನೇ ಬಾರಿಸುತ್ತಾನೆಂಬ ಸುದ್ದಿ ಅವರಿಗೆ ಮುಟ್ಟಿತ್ತು. ಅವರು ಬೈಯಲಿಲ್ಲ, ಒಂದು ಕರಾರು ಹಾಕಿದರು.

“ನೀ ಏನೇನು ಬಾರಸ್ತೀ, ಎಲ್ಲಾ ನನ್ನ ಎದುರಿಗೇ ಬಾರಸು. ನಡುವ ನಾ ಎದ್ದು ಹೋದ್ನಂದ್ರ ಅದು ಪುಣೆಕ್ಕ ವಾಪಸ್ ಹೋಗೂದು.”

ಇದಕ್ಕಿಂತ ನ್ಯಾಯವಾದ ಕರಾರನ್ನು ನಾನು ಇವತ್ತಿಗೂ ಕಂಡಿಲ್ಲ, ಇದಕ್ಕಿಂತ ಕಠಿಣವಾದದ್ದನ್ನೂ ಕಂಡಿಲ್ಲ. ಶಾಸ್ತ್ರಿಗಳು ಕೂತಿರಬೇಕೆಂದರೆ ಗಿಟಾರ್ ವೀಣೆಯಷ್ಟು ಮೆತ್ತಗೆ ನುಡಿಯಬೇಕು. ಹಿಂದಿನ ಸಾಲಿನ ಹುಡುಗರು ಕೂತಿರಬೇಕೆಂದರೆ ಅದೇ ಗಿಟಾರ್ ಗುರುಗುಟ್ಟಬೇಕು, ಇಲ್ಲವಾದರೆ ಅವರು ಕೂಗಿ ಕಾರ್ಯಕ್ರಮ ಕೆಡಿಸುತ್ತಾರೆ. ಕೂಗಾಟ ಶುರುವಾದರೆ ಶಾಸ್ತ್ರಿಗಳು ಹೇಗೂ ಏಳುತ್ತಾರೆ. ಒಂದೇ ವಾದ್ಯಕ್ಕೆ ಎರಡು ಕಂಠ ಬೇಕಾಗಿತ್ತು. ಕಂಠ ಇರುವುದು ಗಿಟಾರಿನಲ್ಲಲ್ಲ, ಆಂಪ್ಲಿಫಾಯರಿನಲ್ಲಿ.

ಕಾಕಾ ಮೊದಲು ಗಿಟಾರಿನ ವೈರನ್ನು ಭೋಂಗಾಕ್ಕೆ ಜೋಡಿಸಿದರು. ಸಂಪಗಾಂವದ ತನಕ ಕೇಳಿಸುವ ಜವಾಬ್ದಾರಿ ತಮ್ಮದೆಂದರು. ಕೇಳಿಸಿದ್ದು ಮಾತ್ರ ಗಂಟಲು ಕಟ್ಟಿದ ಆಡಿನ ದನಿ. ಗೆಳೆಯನ ಮುಖ ಸಣ್ಣದಾಯಿತು. ಭೋಂಗಾ ಇರುವುದು ಮಾತಿಗೆ, ತಂತಿಗಲ್ಲ ಎಂದು ನಾನು ವಾದ ಹೂಡಿದೆ. ಅರ್ಧ ದಿನ ಜಗಳವಾಡಿದ ಮೇಲೆ ಕಾಕಾ ಹಳೆಯ ರೇಡಿಯೋಗ್ರಾಮ್ ಒಂದರ ದೊಡ್ಡ ಸ್ಪೀಕರ್ ಬಿಚ್ಚಿ ಚಹಾಪುಡಿಯ ಕಟ್ಟಿಗೆಪೆಟ್ಟಿಗೆಯಲ್ಲಿ ಕೂರಿಸಿದರು. ಆ ಸುತ್ತನ್ನು ನಾನು ಗೆದ್ದೆನೆಂದೇ ಈಗಲೂ ನನ್ನ ಅಭಿಪ್ರಾಯ.

ಎರಡನೆಯ ಸುತ್ತು ಇನ್ನೂ ದೊಡ್ಡದು. ಅಂಗಡಿಯಲ್ಲಿ ಎರಡು ಆಂಪ್ಲಿಫಾಯರ್ ಇದ್ದವು. ಹುಬ್ಬಳ್ಳಿಯಿಂದ ಹೊಸದಾಗಿ ಬಂದ ಟ್ರಾನ್ಸಿಸ್ಟರ್ ಸೆಟ್ಟು ಒಂದು, ಕಪಾಟಿನಷ್ಟು ಭಾರದ ಹಳೆಯ ವಾಲ್ವ್ ಸೆಟ್ಟು ಇನ್ನೊಂದು. ನಾನು ಹೊಸತರ ಪಕ್ಷ. ಹಗುರ, ಸ್ವಚ್ಛ, ಸ್ವಿಚ್ ಒತ್ತಿದರೆ ಸಾಕು. ಕಾಕಾ ತಲೆ ಅಲ್ಲಾಡಿಸಿದರು.

“ಟ್ರಾನ್ಸಿಸ್ಟರ್ ಅಂದ್ರ ಸರ್ಕಾರಿ ನೌಕರ ಇದ್ದಂಗ, ವಕೀಲಸಾಹೇಬ. ಟೈಮಿಗೆ ಬರತೈತಿ, ಹೇಳಿದ್ದಷ್ಟ ಮಾಡತೈತಿ. ವಾಲ್ವ್ ಹಂಗಲ್ಲ. ಅದಕ್ಕ ಮೂಡ್ ಬರಬೇಕು.”

ಮೂಡ್ ಎಂದರೇನು, ಮೊದಲು ವ್ಯಾಖ್ಯೆ ಕೊಡಿ ಎಂದೆ. ಅದು ಲಗ್ನವಾದ ಮೇಲೆ ತಿಳಿಯುತ್ತದೆ ಎಂದರು.

ಬಾರಿಸಿ ನೋಡಿದಾಗ ಇಬ್ಬರಿಗೂ ಅರ್ಧರ್ಧ ಪೆಟ್ಟು ಬಿತ್ತು. ಹೊಸ ಸೆಟ್ಟಿನಲ್ಲಿ ಮೆತ್ತನೆಯ ಹಾಡು ನೀರಿನ ಹಾಗೆ ಹರಿಯಿತು, ಆದರೆ ದನಿ ಏರಿಸಿದರೆ ಅರಿವೆ ಹರಿದಂತೆ ಚರ್ರೆಂದಿತು. ವಾಲ್ವ್ ಸೆಟ್ಟು ಮೆತ್ತನೆಯ ಹಾಡಿಗೆ ಗುಂಯ್‌ಗುಟ್ಟುತ್ತಿತ್ತು, ಆದರೆ ಜೋರಾಗಿ ಮೀಟಿದರೆ... ಅದನ್ನು ಹೇಗೆ ಹೇಳಲಿ? ದಪ್ಪಗೆ, ಬೆಚ್ಚಗೆ ಗುರುಗುಟ್ಟಿತು. ಗೆಳೆಯ ನಗುತ್ತಾ ಅದೇ ತಂತಿಯನ್ನು ಮತ್ತೆ ಮತ್ತೆ ಮೀಟಿದ.

ಎರಡನ್ನೂ ಒಯ್ಯುವುದೆಂದು ತೀರ್ಮಾನವಾಯಿತು. ಮನೆಯ ಮೆಟ್ಟಿಲುಗಳಿಗೆ ಹಾಕುವ ಸ್ವಿಚ್ಚನ್ನು ಕಾಕಾ ಹಲಗೆಗೆ ಬಡಿದು ಕೊಟ್ಟರು. ಕಾಲ ಹೆಬ್ಬೆರಳಿನಿಂದ ಒಂದು ಕಡೆ ಒತ್ತಿದರೆ ಟ್ರಾನ್ಸಿಸ್ಟರ್, ಇನ್ನೊಂದು ಕಡೆ ಒತ್ತಿದರೆ ವಾಲ್ವ್. ಮಧ್ಯಾಹ್ನವೆಲ್ಲ ಅಂಗಡಿಯಲ್ಲೇ ತಾಲೀಮು. ಪಕ್ಕದ ಹತ್ತಿ ಜಿನ್ನಿನ ಯಂತ್ರದ ಸದ್ದು ನಡುವೆ ಬರುತ್ತಲೇ ಇರುತ್ತಿತ್ತು. ನಾವು ಅದನ್ನು ಬೈದೆವೇ ಹೊರತು ಅದರ ಬಗ್ಗೆ ಯೋಚಿಸಲಿಲ್ಲ.

ಗ್ಯಾದರಿಂಗಿನ ಸಂಜೆ ಶಾಸ್ತ್ರಿಗಳು ಶಾಲು ಹೊದ್ದು ಮೊದಲ ಸಾಲಿನಲ್ಲಿ ಕೂತರು. ಮೊದಲು ಒಂದು ಭಜನೆಯ ಧಾಟಿ. ಅವರ ಬೆರಳು ಮೊಣಕಾಲಿನ ಮೇಲೆ ತಾಳ ಹಾಕುತ್ತಿದ್ದುದನ್ನು ನಾನು ವೇದಿಕೆಯ ಪಕ್ಕದಿಂದ ಕಂಡೆ. ಆಮೇಲೆ ಗೆಳೆಯ ಹೆಬ್ಬೆರಳಿನಿಂದ ಸ್ವಿಚ್ ಒತ್ತಿ ಜೋರಾಗಿ ಮೀಟಿದ.

ಗುರುಗುಟ್ಟಲಿಲ್ಲ. ವಾಲ್ವ್ ಸೆಟ್ಟು ಒಳ್ಳೆಯ ಮನೆತನದ ಸೊಸೆಯ ಹಾಗೆ ತಣ್ಣಗೆ ನುಡಿಯಿತು. ದನಿ ಏರಿಸಿದರೆ ಪಕ್ಕದ ಮೈಕು ಸೀಟಿ ಹೊಡೆಯಿತು. ಹಿಂದಿನಿಂದ ಒಬ್ಬ ಕೂಗಿದ: “ಏ, ಭಜನಿ ಇನ್ನೂ ಮುಗೀಲಿಲ್ಲೇನೋ?” ನಗು ಎದ್ದಿತು, ಅದರ ಹಿಂದೆಯೇ ಕೂಗಾಟ. ಶಾಸ್ತ್ರಿಗಳು ಶಾಲು ಸರಿಮಾಡಿಕೊಂಡರು. ಗೆಳೆಯ ನಮ್ಮ ಕಡೆ ನೋಡಿದ.

ಮೂಡ್ ಹೋಗೈತಿ ಎಂದರು ಕಾಕಾ, ನಿಜಕ್ಕೂ ಗಾಬರಿಯಾಗಿ. ನನಗೆ ಸಿಟ್ಟು ಬಂತು. ಸಿಟ್ಟಿನಲ್ಲಿ ನನಗೆ ತರ್ಕ ಚೆನ್ನಾಗಿ ಓಡುತ್ತದೆ. ಅಂಗಡಿಯಲ್ಲಿದ್ದದ್ದು, ಇಲ್ಲಿ ಇಲ್ಲದ್ದು ಏನು? ಅದೇ ಸೆಟ್ಟು, ಅದೇ ಪೆಟ್ಟಿಗೆ, ಅದೇ ಗಿಟಾರ್... ಜಿನ್ ಒಂದೇ ಇಲ್ಲ. ಜಿನ್ ನಡೆಯುವಾಗ ಕರೆಂಟನ್ನೆಲ್ಲ ಅದೇ ಎಳೆದುಕೊಂಡು ಅಂಗಡಿಯ ದೀಪ ಸಣ್ಣಗಾಗುತ್ತಿತ್ತು. ಕಾಲೇಜಿನ ಲೈನಿನಲ್ಲಿ ಕರೆಂಟು ಪೂರ್ತಿ ಇತ್ತು.

“ಮೂಡೂ ಇಲ್ಲ, ಗೀಡೂ ಇಲ್ಲ, ಕಾಕಾ. ಅಂಗಡ್ಯಾಗ ಅದು ಅರ್ಧಾ ಹೊಟ್ಟಿಯೊಳಗ ಇತ್ತು, ಅದಕ್ಕ ಗುರುಗುಟ್ಟತಿತ್ತು. ಇಲ್ಲಿ ಹೊಟ್ಟಿ ತುಂಬೈತಿ. ಕರೆಂಟ್ ಕಡಿಮಿ ಮಾಡ್ರಿ.”

“ಸುಳ್ಳಾದ್ರ?”

“ಸುಳ್ಳಾದ್ರ ಬೈಸಿಕೊಳ್ಳೂದು ಹೆಂಗೂ ನಡದೈತಲ್ಲ.”

ಕಾಕಾ ಒಂದು ಕ್ಷಣ ನನ್ನನ್ನು ದಿಟ್ಟಿಸಿದರು. ಆಮೇಲೆ ಚೀಲಕ್ಕೆ ಕೈ ಹಾಕಿ ಒಂದು ಹಲಗೆ ತೆಗೆದರು. ಅದರ ಮೇಲೊಂದು ದೊಡ್ಡ ಬಲ್ಬು. ರಿಪೇರಿ ಮಾಡಿದ ರೇಡಿಯೋವನ್ನು ನೇರ ಕರೆಂಟಿಗೆ ಕೊಡದೆ, ಮೊದಲು ಆ ಬಲ್ಬಿನ ಮೂಲಕ ಕೊಟ್ಟು ನೋಡುವುದು ಅವರ ರೂಢಿ. ಸ್ವಲ್ಪ ಕರೆಂಟನ್ನು ಬಲ್ಬು ತಾನೇ ತಿಂದುಬಿಡುತ್ತದೆ. ಕರೆಂಟು ಕಡಿಮೆ ಎಂದು ನನಗೆ ಹೊಳೆದಿತ್ತು, ಬಲ್ಬು ಹೊಳೆದಿರಲಿಲ್ಲ. ಅವರಿಗೆ ಬಲ್ಬು ಗೊತ್ತಿತ್ತು, ಕಾರಣ ಬೇಕಾಗಿರಲಿಲ್ಲ. ವಾಲ್ವ್ ಸೆಟ್ಟಿನ ಪ್ಲಗ್ಗನ್ನು ಕಿತ್ತು ಆ ಹಲಗೆಗೆ ಚುಚ್ಚಿದರು.

ಗೆಳೆಯ ಮೀಟಿದ. ಬಂತು. ಅಂಗಡಿಯಲ್ಲಿ ಬಂದದ್ದಕ್ಕಿಂತ ದಪ್ಪಗೆ ಬಂತು. ಪ್ರತಿ ಪೆಟ್ಟಿಗೂ ಆ ಬಲ್ಬು ಭಗ್ಗೆಂದು ಬೆಳಗಿ ಇಳಿಯುತ್ತಿತ್ತು. ಕೂಗುತ್ತಿದ್ದ ಹುಡುಗರು ಬೆಂಚುಗಳನ್ನು ಬಡಿಯತೊಡಗಿದರು.

ಆಗಲೇ ಶಾಸ್ತ್ರಿಗಳು ಎದ್ದರು.

ನಾನು ಗೆಳೆಯನ ಕಡೆ ನೋಡಲಿಲ್ಲ, ನೋಡುವ ಧೈರ್ಯ ಇರಲಿಲ್ಲ. ಆದರೆ ಅವರು ಬಾಗಿಲಿನ ಕಡೆ ಹೋಗದೆ, ಶಾಲನ್ನು ಹೆಗಲ ಮೇಲೆ ಹಾಕಿಕೊಂಡು ನೇರ ನಮ್ಮ ಕಡೆ ಬಂದರು. ಕಾಕಾ ಗಡಬಡಿಸಿ ಒಂದು ಕುರ್ಚಿ ಎಳೆದು, “ಬರ್ರಿ ಶಾಸ್ತ್ರಿಗಳ, ಕುಂದರ್ರಿ” ಎಂದರು. ಅವರು ಕೂಡಲಿಲ್ಲ, ಬಗ್ಗಿ ಬಲ್ಬು ನೋಡಿದರು.

“ಇದ್ಯಾಕ ಹೀಂಗ ಕುಣೀಲಿಕ್ಕೆ ಹತ್ತೇದ?”

ನಾನು ಬಾಯಿ ತೆರೆದೆ, ಕಾಕಾನೂ ತೆರೆದರು. ನಾನು ಕರೆಂಟ್ ಎಂದೆ, ಅವರು ಮೂಡ್ ಎಂದರು. ಶಾಸ್ತ್ರಿಗಳು ಕೈಯೆತ್ತಿ ಇಬ್ಬರನ್ನೂ ಸುಮ್ಮನಿರಿಸಿದರು. ಹಾಡು ಮುಗಿಯುವವರೆಗೆ ಅಲ್ಲೇ ನಿಂತು, ಮಗನನ್ನೊಮ್ಮೆ, ಬಲ್ಬನ್ನೊಮ್ಮೆ ನೋಡುತ್ತಿದ್ದರು. ಕೊನೆಗೆ, “ಎದ್ದೆ ಖರೆ, ಹೋಗಲಿಲ್ಲ” ಎಂದಷ್ಟೇ ಹೇಳಿ ತಮ್ಮ ಜಾಗಕ್ಕೆ ಮರಳಿದರು. ಕರಾರಿನ ಇಷ್ಟು ಸೂಕ್ಷ್ಮವಾದ ಅರ್ಥ ಯಾವ ಚರ್ಚಾಸ್ಪರ್ಧೆಯಲ್ಲೂ ನನಗೆ ಹೊಳೆದಿರಲಿಲ್ಲ. ಗಿಟಾರ್ ಪುಣೆಗೆ ಹೋಗಲಿಲ್ಲ.

ಆಮೇಲೆ ಕಾಕಾ ಆ ಕಥೆಯನ್ನು ಗಿರಾಕಿಗಳಿಗೆಲ್ಲ ಹೇಳುತ್ತಿದ್ದರು. ಅವರ ಕಥೆಯಲ್ಲಿ ವಾಲ್ವಿಗೆ ಮೂಡ್ ತರಿಸಿದವರು ಅವರು, ನಾನು ಪಕ್ಕದಲ್ಲಿ ನಿಂತು ಅಡ್ಡಿ ಮಾಡಿದವನು. ಊರಿಗೆ ಹೋದಾಗಲೆಲ್ಲ ನಾನು ಅಂಗಡಿಗೆ ಹೋಗಿ ಆಕ್ಷೇಪ ಎತ್ತುತ್ತಿದ್ದೆ. ಅವರು ಚಹಾ ತರಿಸುತ್ತಿದ್ದರು. ಚಹಾ ಮುಗಿದರೂ ವಾದ ಮುಗಿಯುತ್ತಿರಲಿಲ್ಲ... ಹೋದ ಬೇಸಿಗೆಯಲ್ಲಿ ಕಾಕಾ ತೀರಿಕೊಂಡರು. ನನಗೆ ಸುದ್ದಿ ತಡವಾಗಿ ಮುಟ್ಟಿತು. ಹೋಗುವಷ್ಟರಲ್ಲಿ ಅಂಗಡಿಗೆ ಪಂಪ್‌ಸೆಟ್ಟು ಮಾರುವವರ ಬೋರ್ಡು ಬಂದಿತ್ತು.

ಗೆಳೆಯ ಈಗ ರಾಮದುರ್ಗದಲ್ಲಿ ಮಾಸ್ತರ. ಕಳೆದ ತಿಂಗಳು ಅಲ್ಲಿ ಅವನ ಕಾರ್ಯಕ್ರಮ ಇತ್ತು. ಬೆಳಗಾವಿಯಿಂದ ತರಿಸಿದ ಹೊಸ ಸೆಟ್ಟು, ಒಂದೇ ಪೆಟ್ಟಿಗೆಯಲ್ಲಿ ಮೆತ್ತಗೂ ನುಡಿಯುತ್ತದೆ, ಗುರುಗುಟ್ಟುತ್ತದೆ ಕೂಡ. ಮುಗಿದ ಮೇಲೆ ವೈರು ಸುತ್ತುತ್ತಾ, ಹೆಂಗಿತ್ತು ಎಂದು ಕೇಳಿದ. ಚೆನ್ನಾಗಿತ್ತು ಎಂದೆ. ಅವನು ಕಾಯುತ್ತಾ ನಿಂತ. ನಾನು ವೈರಿನ ಇನ್ನೊಂದು ತುದಿ ಹಿಡಿದು ಕೊಟ್ಟೆ.

“ಕಾಕಾ ಇದ್ದಿದ್ರ ಇದು ಸರಿ ಇಲ್ಲ ಅಂತಿದ್ರು,” ಎಂದ.

ಅಂತಿದ್ದರು. ಸರಿ ಐತಿ ಎಂದು ನಾನು ಜಗಳ ತೆಗೆಯುತ್ತಿದ್ದೆ. ಕೊನೆಯ ಬಸ್ಸು ತಪ್ಪುವ ತನಕ ಅದು ನಡೆಯುತ್ತಿತ್ತು. ಆ ದಿನ ನನಗೆ ಬಸ್ಸು ಸರಿಯಾದ ಹೊತ್ತಿಗೆ ಸಿಕ್ಕಿತು.